ಡೆಲ್ಫಿನಾಳ ಮನೆಗೆ ಬಂದ ಬುಟ್ಟಿ

ನಮ್ಮೂರ ಚೀಸ್ ಮನೆಯ ಬೀಗದ ಕೈ ಡೆಲ್ಫಿನಾ ಪಿಲಾಟಾಸಿಗ್ ಎಂಬವಳ ಕೊರಳಲ್ಲಿ ಇರುತ್ತದೆ. ಕೆಂಪು ಉಣ್ಣೆಯ ದಾರಕ್ಕೆ ಕಟ್ಟಿ, ಮಣಿಸರದ ಜೊತೆಗೇ ಹಾಕಿಕೊಂಡಿರುತ್ತಾಳೆ. ಸ್ನಾನಕ್ಕೆ ಇಳಿದಾಗಲೂ ತೆಗೆಯುವುದಿಲ್ಲವಂತೆ. ನಮ್ಮ ಗುಡ್ಡದ ಚಳಿಯಲ್ಲಿ ಸ್ನಾನವೇ ಅಪರೂಪ, ಹಾಗಾಗಿ ಅದನ್ನೊಂದು ದೊಡ್ಡ ಸಂಗತಿ ಎಂದು ನಾನು ಹೇಳುವುದಿಲ್ಲ. ಆ ಬೀಗದ ಕೈ ಅವಳ ಕೊರಳಿನಿಂದ ಒಮ್ಮೆ ಮಾತ್ರ ಇಳಿದಿತ್ತು. ಆಗ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು.

ನಾನು ರೊಸೆಂದಾ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ, ಅದೂ ಎದೆಮಟ್ಟದ್ದು. ನನ್ನ ಕಿರಿಮಗಳ ನಾಮಕರಣದಲ್ಲಿ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡ ಜ್ಞಾನತಾಯಿ ಅವಳೇ. ನಾನು ಹತ್ತು ಮಾತಾಡಿದರೆ ಅವಳು ಆಡುವುದು ಒಂದು. ಆದರೆ ಆಡಿದಳೆಂದರೆ ಮುಗಿಯಿತು. ನಾಳೆ ಆಲೂಗಡ್ಡೆ ಅಗೆಯಲು ಬರುತ್ತೇನೆ ಎಂದವಳು ಆಲಿಕಲ್ಲು ಬಿದ್ದರೂ ಗುದ್ದಲಿ ಹೊತ್ತು ಬಾಗಿಲಲ್ಲಿ ನಿಂತಿರುತ್ತಾಳೆ. ಅವಳ ಗಂಡ ಲಿಸಾಂದ್ರೊ ರಾಜಧಾನಿಯಲ್ಲಿ ಗಾರೆ ಕೆಲಸ ಮಾಡುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಮನೆಯಲ್ಲಿ ಇರುವವರು ಅವಳು, ಇಬ್ಬರು ಹೆಣ್ಣುಮಕ್ಕಳು, ಅತ್ತೆ ಇಗ್ನಾಸಿಯಾ, ಮತ್ತೆ ಒಲೆಯ ಮೂಲೆಯಲ್ಲಿ ಕೀಚುಗುಟ್ಟುತ್ತ ಹುಲ್ಲು ಮೆಲ್ಲುವ ಕುಯ್‌ಗಳು. ಆ ಕುಯ್‌ಗಳು ಮೊಲಕ್ಕಿಂತ ಚಿಕ್ಕವು, ಇಗ್ನಾಸಿಯಾ ಅತ್ತೆಯ ಪ್ರಕಾರ ಮೊಲಕ್ಕಿಂತ ರುಚಿ. ಹಬ್ಬಕ್ಕೊಂದು ಹುರಿದರೆ ಮುದುಕಿ ತಲೆಯನ್ನೂ ಬಿಡುವವಳಲ್ಲ.

ಮೊದಲು ನಮ್ಮ ಹಾಲೆಲ್ಲ ಪುಹಿಲಿ ಪೇಟೆಯ ಹಾಲಿನ ವ್ಯಾಪಾರಿ ದೋನ್ ಅಬೆಲಾರ್ದೊನ ಪಾಲಾಗುತ್ತಿತ್ತು. ದಿನಾ ಬೆಳಿಗ್ಗೆ ಅವನ ಲಾರಿ ರಸ್ತೆಯ ತಿರುವಿನಲ್ಲಿ ನಿಲ್ಲುತ್ತಿತ್ತು. ನಾವು ಕ್ಯಾನು ಹೊತ್ತು ಸಾಲು ನಿಲ್ಲುತ್ತಿದ್ದೆವು. ಅವನು ಗಾಜಿನ ಕಡ್ಡಿಯೊಂದನ್ನು ಹಾಲಿಗೆ ಅದ್ದಿ, ಬೆಳಕಿಗೆ ಹಿಡಿದು, ಬೇಸರದಿಂದ ತಲೆಯಾಡಿಸಿ, "ನೀರು, ಮಗಳೇ, ನೀರು" ಎನ್ನುತ್ತಿದ್ದ. ನಮ್ಮಲ್ಲಿ ನೀರು ಬೆರೆಸುವವರು ಇರಲೇ ಇಲ್ಲವೆಂದಲ್ಲ, ನನ್ನ ನಾದಿನಿಯೇ ಇದ್ದಳು. ಆದರೆ ಅವನ ಕಡ್ಡಿಗೆ ಎಲ್ಲರ ಹಾಲೂ ನೀರೇ. ಅವನು ಹೇಳಿದ್ದೇ ದರ, ಅವನು ಬಂದದ್ದೇ ಹೊತ್ತು. ಲಾರಿ ಬಾರದ ದಿನ ಹಾಲು ಹಂದಿಗೆ. ಪೇಟೆಯವನಾದರೂ ನಮ್ಮ ಗುಡ್ಡದ ಭಾಷೆ ಕಲಿತಿದ್ದ. ಅದರಲ್ಲಿ ಅವನದು ಬೆಣ್ಣೆಯಲ್ಲಿ ಕೂದಲು ಎಳೆದಂಥ ನಯವಾದ ಮಾತು, ಅದಕ್ಕೇ ಜಗಳವಾಡಲೂ ಆಗುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿಹೋಯಿತು. ಲಾರಿ ಇಲ್ಲ. ಹಂದಿಗಳು ಕೂಡ ಹಾಲಿನಿಂದ ಮುಖ ತಿರುಗಿಸಿದವು. ಆಗ ಡೆಲ್ಫಿನಾ ತನ್ನ ಮದುವೆಯ ದೊಡ್ಡ ಹಂಡೆಯನ್ನು ಒಲೆಯ ಮೇಲೆ ಏರಿಸಿದಳು. ಹುಡುಗಿಯಾಗಿದ್ದಾಗ ಜಮೀನ್ದಾರರ ಚೀಸ್ ಕೋಣೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಅವಳು. ಅಲ್ಲಿ ಕಂಡದ್ದನ್ನು ನೆನಪಿಸಿಕೊಂಡು ಹೆಪ್ಪು ಹಾಕಿ, ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿದಳು. ಮೊದಲ ಚೀಸ್ ಬಟ್ಟೆ ಒಗೆಯುವ ಕಲ್ಲಿಗೆ ಸಮನಾಗಿತ್ತು.

"ಇದು ತಿನ್ನೋಕಲ್ಲ ಕಣೆ," ಎಂದಳು ಇಗ್ನಾಸಿಯಾ ಅತ್ತೆ, ಹಲ್ಲಿಲ್ಲದ ಬಾಯಿ ಅಗಲಿಸಿ. "ಬಾಗಿಲ ಹಿಂದೆ ಇಟ್ಕೋ. ಕಳ್ಳ ಬಂದ್ರೆ ತಲೆಗೆ ಹೊಡಿಯೋಕಾಯ್ತದೆ."

ಎರಡನೆಯದು ಹುಳಿಯಾಯಿತು. ಮೂರನೆಯದನ್ನು ನಾಯಿ ತಿಂದಿತು, ಅದೇ ಶುಭಶಕುನವೆಂದು ನಾವು ನಕ್ಕೆವು. ಆಮೇಲೆ ಒಂದು ದಿನ ಗೋಡೆಯ ಮೇಲಿಂದ ಅವಳು ಚಾಚಿದ ತುಂಡನ್ನು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಮೆತ್ತಗೆ ಕಿರುಗುಟ್ಟಿತು, ಉಪ್ಪು ಹದವಾಗಿತ್ತು. ನಾನು ಮಾತಿಲ್ಲದೆ ಇನ್ನೊಂದು ತುಂಡಿಗೆ ಕೈ ಚಾಚಿದೆ.

ಹೀಗೆ ಶುರುವಾಯಿತು. ಜಮೀನ್ದಾರನ ಕಾಲದ ಹಳೇ ಧಾನ್ಯದ ಕೊಟ್ಟಿಗೆ ಊರಿನ ವಶದಲ್ಲಿ ಸುಮ್ಮನೆ ಬಿದ್ದಿತ್ತು. ಡೆಲ್ಫಿನಾಳ ಅಜ್ಜಿ ಅಲ್ಲಿ ಕೂಲಿಯಿಲ್ಲದೆ ಜವೆಗೋಧಿ ಕೇರಿದವಳು. ನಾವು ಹನ್ನೊಂದು ಹೆಂಗಸರು ಅದನ್ನು ಗುಡಿಸಿ, ಸುಣ್ಣ ಬಳಿದು, ಒಲೆ ಹೂಡಿ ಚೀಸ್ ಮನೆ ಮಾಡಿದೆವು. ಒಬ್ಬರ ಹಾಲನ್ನು ಒಬ್ಬರು ಕಡ್ಡಿ ಅದ್ದಿ ನೋಡುವುದಿಲ್ಲ, ತಂದವಳ ಮಾತೇ ಅಳತೆ ಎಂದು ಡೆಲ್ಫಿನಾ ಮೊದಲ ದಿನವೇ ಹೇಳಿದಳು. ನನ್ನ ನಾದಿನಿ ಅವತ್ತಿನಿಂದ ನೀರು ಬಿಟ್ಟಳು. ಭಾನುವಾರ ಪುಹಿಲಿ ಸಂತೆಯಲ್ಲಿ ಎಲೆಯಲ್ಲಿ ಸುತ್ತಿದ ನಮ್ಮ ಚೀಸ್ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಉಪ್ಪು ಕೊಳ್ಳಬೇಕಾದರೂ ಗಂಡನ ಮುಖ ನೋಡುವ ಕಾಲ ಹೋಯಿತು. ನಮ್ಮ ಗುಂಪಿನ ಮನುವೇಲಾ ತನ್ನದೇ ಹೆಸರಲ್ಲಿ ಹಸು ಕೊಂಡಳು. ಚೀಸ್ ಸೋಸಿ ಉಳಿದ ನೀರು ಕುಡಿದ ಹಂದಿಗಳು ಕೊಬ್ಬಿದವು, ಹಂದಿಗೊಬ್ಬರ ಕಂಡ ಆಲೂಗಡ್ಡೆ ಹೊಲಗಳೂ ಕೊಬ್ಬಿದವು. ನಾನು ಕನ್ನಡಕ ಕೊಂಡೆ. ಹಾಕಿಕೊಂಡ ಮೇಲೆಯೇ ನನ್ನ ಗಂಡನ ಮುಖದಲ್ಲಿ ಅಷ್ಟೊಂದು ಸುಕ್ಕಿದೆ ಎಂದು ಗೊತ್ತಾದದ್ದು.

ದೋನ್ ಅಬೆಲಾರ್ದೊನ ಲಾರಿಯಲ್ಲಿ ಖಾಲಿ ಕ್ಯಾನುಗಳ ಸದ್ದು ಜೋರಾಯಿತು. ಅವನು ದರ ಏರಿಸಿದ, ನಾವು ಕದಲಲಿಲ್ಲ. ಹೆದರಿಸಿದ, ಹೆದರಲಿಲ್ಲ. ಕೊನೆಗೆ ಅವನು ಕೈ ಹಾಕಿದ್ದು ನಮ್ಮ ಪದ್ಧತಿಗೇ.

ನಮ್ಮಲ್ಲಿ ದೊಡ್ಡ ಮಾತನ್ನು ಬರಿಗೈಯಲ್ಲಿ ಕೇಳುವುದಿಲ್ಲ. ಹೆಣ್ಣು ಕೇಳುವುದಿರಲಿ, ಮಗುವಿಗೆ ಜ್ಞಾನತಾಯಿಯಾಗು ಎನ್ನುವುದಿರಲಿ, ಕಡಿದುಕೊಂಡ ಸಂಬಂಧ ಕೂಡಿಸುವುದಿರಲಿ, ಮೆದಿಯಾನೊ ಎಂಬ ಬುಟ್ಟಿ ಹೊತ್ತು ಹೋಗಬೇಕು. ಅದರಲ್ಲಿ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಹುರಿದ ಕುಯ್, ಒಂದು ಸೀಸೆ ಕಬ್ಬಿನ ಸಾರಾಯಿ ಇರುತ್ತವೆ, ಮೇಲೆ ಬಿಳಿ ಬಟ್ಟೆ ಮುಚ್ಚಿರುತ್ತದೆ. ಮನಸ್ಸಿಲ್ಲದಿದ್ದರೆ ಬಟ್ಟೆ ಸರಿಸದೆ ಬುಟ್ಟಿಯನ್ನು ಹಾಗೇ ಹಿಂದಿರುಗಿಸಬಹುದು, ಯಾರಿಗೂ ಕೋಪವಿಲ್ಲ. ಆದರೆ ಮನೆಯವರಲ್ಲಿ ಒಬ್ಬರು ಒಂದು ತುತ್ತು ತಿಂದರೂ ಮುಗಿಯಿತು, ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ತಿಂದು ಇಲ್ಲವೆಂದ ಮನೆಗೆ ಆಮೇಲೆ ಯಾರೂ ಬುಟ್ಟಿ ತರುವುದಿಲ್ಲ. ಆ ಮನೆಯ ಹೆಣ್ಣನ್ನು ಕೇಳುವವರಿಲ್ಲ, ಅದರ ಹೊಲಕ್ಕೆ ಕೈ ಕೂಡಿಸುವವರಿಲ್ಲ.

ಅದು ಭಾನುವಾರ. ಡೆಲ್ಫಿನಾ ಮಕ್ಕಳೊಂದಿಗೆ ಸಂತೆಗೆ ಹೋಗಿದ್ದಳು. ಇಗ್ನಾಸಿಯಾ ಅತ್ತೆ ಬಾಗಿಲ ಬಳಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಳು. ಕಣ್ಣು ಮಂಜು, ಹಾಲಿನ ಸಾಲಿಗೆ ಎಂದೂ ಬಾರದವಳಿಗೆ ಲಾರಿಯವನ ಧ್ವನಿಯ ಗುರುತೂ ಇಲ್ಲ, ಆದರೆ ಮೂಗು ಚುರುಕು. ನಾನು ಹಿತ್ತಲಲ್ಲಿ ಉಣ್ಣೆ ಒಗೆಯುತ್ತಿದ್ದೆ. ಗೋಡೆಯ ಆಚೆಯಿಂದ ದೋನ್ ಅಬೆಲಾರ್ದೊನ ಧ್ವನಿ ಬಂತು.

"ರೊಸೆಂದಾ, ಮಗಳೇ, ಒಂದ್ ಗಳಿಗೆ ಬಾ ಇಲ್ಲಿ. ಸಾಕ್ಷಿಗೆ."

ಹೋಗಿ ನೋಡಿದರೆ ಬಟ್ಟೆ ಸರಿದ ಬುಟ್ಟಿ. ಇಗ್ನಾಸಿಯಾ ಅತ್ತೆಯ ಕೈಯಲ್ಲಿ ಕುಯ್ ತೊಡೆಯ ಮೂಳೆ, ಗಲ್ಲದ ಮೇಲೆ ಜಿಡ್ಡು.

"ಬಾರೇ ರೊಸೆಂದಾ, ಕೂತ್ಕೋ, ತಿನ್ನು. ಒಳ್ಳೇ ಮನುಷ್ಯ ನೋಡು, ನಮ್ ಭಾಷೇಲೇ ಎಷ್ಟ್ ಚೆನ್ನಾಗ್ ಮಾತಾಡ್ತಾನೆ. ಡೆಲ್ಫಿನಾನ ಯಾರ್ದೋ ಮಗೂಗೆ ಜ್ಞಾನತಾಯಿ ಮಾಡ್ಕೊಳ್ಳೋಕ್ ಬಂದವ್ನೆ ಅಂತ ಕಾಣ್ತದೆ."

ಪಾಪ, ಅವಳ ಲೆಕ್ಕ ತಪ್ಪಲ್ಲ. ಚೀಸ್ ಮನೆ ಶುರುವಾದ ಮೇಲೆ ಡೆಲ್ಫಿನಾಳನ್ನು ಆ ಮಾತಿಗೆ ಕೇಳಿಕೊಂಡು ಬರುವವರು ಹೆಚ್ಚಾಗಿದ್ದರು. ಆದರೆ ಬುಟ್ಟಿ ತಂದವನು ಯಾರೆಂದು ನನಗೆ ಕಾಣುತ್ತಿತ್ತು. ದೋನ್ ಅಬೆಲಾರ್ದೊ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ತಿಂದಿರಿ, ಸಂತೋಷ ಆಯ್ತು ಅಜ್ಜಿ. ನಾನ್ ಕೇಳೋದಿಷ್ಟೇ. ಈ ಮನೆ ಹಾಲು ಇನ್ಮೇಲೆ ನಂಗೇ ಬರ್ಲಿ. ಈ ಮನೆ ಕೈಯಲ್ಲಿರೋ ಬೀಗ ಆ ಕೊಟ್ಟಿಗೆ ಬಾಗ್ಲಿಗೆ ಬೀಳ್ಲಿ, ತೆಗೆಯೋದ್ ಬೇಡ."

ಮುದುಕಿಯ ಕೈಯಿಂದ ಮೂಳೆ ಬಿತ್ತು. ಅವನು ಟೋಪಿ ಹಾಕಿಕೊಂಡು ಹೊರಟ. ನಾನು ಅವನ ಬೆನ್ನಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಸಂಜೆ ಡೆಲ್ಫಿನಾ ಖಾಲಿ ಬುಟ್ಟಿಗಳೊಂದಿಗೆ ನಗುತ್ತ ಬಂದಳು. ನಾನೇ ಹೇಳಬೇಕಾಯಿತು, ಏಕೆಂದರೆ ಇಗ್ನಾಸಿಯಾ ಅತ್ತೆ ಶಾಲಿನೊಳಗೆ ಮುಖ ಹುದುಗಿಸಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ಡೆಲ್ಫಿನಾ ಪೂರಾ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಕೊರಳಿನ ಕೆಂಪು ದಾರವನ್ನು ತಲೆಯ ಮೇಲಿಂದ ತೆಗೆದು ಒಲೆಕಟ್ಟೆಯ ಮೇಲಿಟ್ಟಳು. ಅವಳ ಬರಿದಾದ ಕೊರಳು ನೋಡಲು ನನ್ನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತನ್ನ ಕ್ಯಾನು ಹೊತ್ತು ರಸ್ತೆಯ ತಿರುವಿಗೆ ಹೋದಳು. ದೋನ್ ಅಬೆಲಾರ್ದೊ ಕಡ್ಡಿ ಅದ್ದಿ, ಬೆಳಕಿಗೆ ಹಿಡಿದು, "ನೀರು, ಮಗಳೇ" ಎಂದ. ಅವಳು ಅವನು ಕೊಟ್ಟ ಕಾಸನ್ನು ಎಣಿಸದೆ ಶಾಲಿಗೆ ಕಟ್ಟಿಕೊಂಡಳು.

ನಾವು ಮುಚ್ಚಿದ ಕೊಟ್ಟಿಗೆಯ ಮುಂದೆ ಸೇರಿದೆವು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

"ಮೋಸದಿಂದ ತಿನ್ಸಿದ್ದು ಲೆಕ್ಕಕ್ಕಿಲ್ಲ," ಎಂದಳು ಮನುವೇಲಾ.

"ಮೋಸ ಅಂತ ಯಾರ್ ಹೇಳ್ತಾರೆ? ಬುಟ್ಟಿ ತಂದ, ಕೊಟ್ಟ, ತಿಂದ್ರು," ಎಂದಳು ನನ್ನ ನಾದಿನಿ. "ಏನ್ ಕೇಳೋಕ್ ಬಂದಿದ್ದೀಯ ಅಂತ ಕೇಳಿ ತಿನ್ಬೇಕಿತ್ತು ಅಜ್ಜಿ. ಕುಯ್ ವಾಸ್ನೆ ಬಡಿದ್ರೆ ಅವ್ರಿಗೆ ಕಿವಿನೂ ಕೇಳ್ಸಲ್ಲ."

"ಹಂಗಾದ್ರೆ ಹಿಂಗನ್ನಿ," ಎಂದಳು ಮತ್ತೆ ಮನುವೇಲಾ. "ಅಜ್ಜಿಗೆ ಅರಳು ಮರಳು, ಅವ್ರು ತಿಂದಿದ್ದನ್ನ ಮನೆ ತಿಂದಂಗೆ ಅಂತ ಹಿಡಿಯೋಕಾಗಲ್ಲ ಅಂತ. ಮುಗೀತು."

ಇದನ್ನು ಕೇಳಿ ಬಹಳ ಜನ ತಲೆಯಾಡಿಸಿದರು. ನನಗೂ ಒಳ್ಳೆಯ ದಾರಿ ಎನಿಸಿತು. ಆಗ ಡೆಲ್ಫಿನಾ ಬಾಯಿಬಿಟ್ಟಳು.

"ನಮ್ಮತ್ತೆ ಬಾಯಿ ಲೆಕ್ಕಕ್ಕಿಲ್ಲ ಅಂತ ನಾ ಹೇಳಲ್ಲ. ಆ ಮನೆ ನಂಗಿಂತ ಮೊದ್ಲು ಅವ್ರದು."

ಅವಳು ಶಾಲಿನ ಮಡಿಕೆಯಿಂದ ಬೀಗದ ಕೈ ತೆಗೆದು ಅಂಗೈ ಮೇಲಿಟ್ಟು ಚಾಚಿದಳು.

"ಮಾತಿಗೆ ಸಿಕ್ಕಿರೋದು ನಮ್ಮನೆ. ನೀವ್ ಯಾರಾದ್ರೂ ಇದನ್ನ ಇಟ್ಕೊಂಡು ಬಾಗ್ಲು ತೆಗೀರಿ. ಹಂಡೆನೂ ನಿಮ್ಗೇ ಇರ್ಲಿ. ನಾನಿಲ್ದೆ ನಡೀತದೆ."

ಯಾರೂ ಕೈ ಮುಂದೆ ಮಾಡಲಿಲ್ಲ. ಒಬ್ಬಳ ಮಾತನ್ನೇ ಅಳತೆ ಮಾಡಿಕೊಂಡು ಕಟ್ಟಿದ ಮನೆ ಅದು. ಅವಳನ್ನು ಹೊರಗಿಟ್ಟು ಅದರ ಬಾಗಿಲು ತೆಗೆಯಲು ಯಾರಿಗೆ ಮನಸ್ಸು ಬರುತ್ತದೆ? ಬೀಗದ ಕೈ ಮತ್ತೆ ಅವಳ ಒಲೆಕಟ್ಟೆ ಸೇರಿತು, ನಾವೆಲ್ಲ ತಂತಮ್ಮ ಹಾಲು ಹೊತ್ತು ಮನೆಗೆ ಹೋದೆವು. ಹಂದಿಗಳಿಗೆ ಆ ವಾರ ಹಬ್ಬ.

ನಮ್ಮ ಚಿಂತೆ ಹಾಲಿನದು, ಡೆಲ್ಫಿನಾಳ ಚಿಂತೆ ಮುದುಕಿಯದು. ಇಗ್ನಾಸಿಯಾ ಅತ್ತೆ ತಿನ್ನುವುದನ್ನೇ ಬಿಟ್ಟಿದ್ದಳು. ಒಂದೆರಡು ಗುಟುಕು ಜವೆಗಂಜಿ ಬಿಟ್ಟರೆ ಏನೂ ಇಲ್ಲ. ಗೋಡೆಯ ಆಚೆಯಿಂದ ನನಗೆ ಕೇಳಿಸುತ್ತಿತ್ತು.

"ಒಂದ್ ಆಲೂಗಡ್ಡೆ ಆದ್ರೂ ತಿನ್ನಿ ಅತ್ತೆ. ನನ್ ಕೈಯಾರೆ ಸುಲ್ದು ಕೊಡ್ತೀನಿ."

"ತಿಂದೇ ಅಲ್ವೇನೇ ನಿನ್ ಮನೆ ಮುಳುಗ್ಸಿದ್ದು ನಾನು. ಈ ಬಾಯಿಗೆ ಮಣ್ಣಾಕ."

"ಬೀಗ ಹೋದ್ರೆ ಹೋಗ್ಲಿ. ನೀವ್ ಎದ್ದು ಕೂತ್ಕೊಳ್ಳಿ, ಸಾಕು."

ಹೀಗೇ ಕೆಲವು ದಿನ ಕಳೆದವು. ಮನುವೇಲಾ ಅಂದ ಮಾತು, ಡೆಲ್ಫಿನಾ ಕೊಟ್ಟ ಉತ್ತರ, ಎರಡನ್ನೂ ಯಾರೋ ಮುದುಕಿಯ ಕಿವಿಗೆ ಹಾಕಿದರು. ಯಾರು ಎಂದು ಕೇಳಬೇಡಿ, ಗೋಡೆ ಎದೆಮಟ್ಟದ್ದು ಎಂದು ಮೊದಲೇ ಹೇಳಿದ್ದೇನೆ. ಕೇಳಿದವಳು ಶಾಲು ಸರಿಸಿ ಎದ್ದು ಕೂತಳು. ಆಮೇಲೆ ಕೋಲು ಕೇಳಿದಳು. ನನ್ನ ಭುಜ ಹಿಡಿದು ಅಂಗಳಕ್ಕೆ ಬಂದು, ಹೆಂಗಸರನ್ನೆಲ್ಲ ಕೂಗಿಸು ಎಂದಳು.

"ಮುಳ್ಳನ್ನ ಮುಳ್ಳಲ್ಲೇ ತೆಗೀಬೇಕು ಕಣ್ರೇ," ಎಂದು ಶುರು ಮಾಡಿದಳು. "ನಂಗೆ ಹದ್ನಾರು ತುಂಬಿರ್ಲಿಲ್ಲ. ಒಬ್ಬ ಹೆಂಡ್ತಿ ಸತ್ತೋನು ಬುಟ್ಟಿ ತಂದ. ನಮ್ಮಪ್ಪ ಸಾರಾಯಿ ಕಂಡ, ಕುಡ್ದ. ಮುಗೀತಲ್ಲ ನನ್ ಕತೆ? ನಮ್ಮವ್ವ ಏನ್ ಮಾಡಿದ್ಲು ಗೊತ್ತಾ? ಅದಕ್ಕಿಂತ ದೊಡ್ ಬುಟ್ಟಿ ಹೊತ್ಕೊಂಡು ಅವ್ನ ಮನೆಗೇ ಹೋದ್ಲು. ಅವ್ನ್ ತಂಗಿ ತಿಂದ್ಲು. ಅವ್ವ ಕೇಳಿದ್ದು ಒಂದೇ, ಕೊಟ್ ಮಾತು ವಾಪಸ್ ಕೊಡು ಅಂತ. ಕೊಡ್ಲೇಬೇಕಾಯ್ತು. ಬುಟ್ಟೀಲಿ ಹೋದ ಮಾತು ಬುಟ್ಟೀಲೇ ವಾಪಸ್ ಬರ್ತದೆ."

"ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ?" ಎಂದೆ ನಾನು.

"ಹೊಟ್ಟೆ ಖಾಲಿ ಇತ್ತಲ್ಲೇ, ತಲೆ ಓಡ್ಲಿಲ್ಲ."

ಅಂತಹ ಬುಟ್ಟಿಯನ್ನು ನಮ್ಮೂರು ಕಂಡಿರಲಿಲ್ಲ. ಪ್ರತಿ ಮನೆಯಿಂದ ಏನಾದರೊಂದು ಬಂತು. ಡೆಲ್ಫಿನಾ ತನ್ನ ಅತ್ಯಂತ ಕೊಬ್ಬಿದ ಕುಯ್ ಎರಡನ್ನು ಹುರಿದಳು. ನಾನು ಕೋಳಿ ಕೊಟ್ಟೆ, ಮೊಟ್ಟೆಯಿಡುವ ಕೋಳಿಯನ್ನೇ ಕೊಟ್ಟೆ ಎಂದು ಇಲ್ಲಿ ದಾಖಲಾಗಲಿ. ಮನುವೇಲಾಳ ಮನೆಯಲ್ಲಿ ಉಳಿದಿದ್ದ ಕೊನೆಯ ಚೀಸ್ ಬಂತು. ಬೇಯಿಸಿದಾಗ ಹಿಟ್ಟಿನಂತೆ ಬಿರಿಯುವ ನಮ್ಮ ಗುಡ್ಡದ ಕಪ್ಪು ಆಲೂಗಡ್ಡೆ ಅಡಿಯಲ್ಲಿ ತುಂಬಿತು. ಭಾನುವಾರ ಎಲ್ಲರೂ ಒಳ್ಳೆಯ ಟೋಪಿ ಹಾಕಿಕೊಂಡು, ಬುಟ್ಟಿಯನ್ನೂ ಇಗ್ನಾಸಿಯಾ ಅತ್ತೆಯನ್ನೂ ಸಂತೆ ಬಸ್ಸಿಗೆ ಹತ್ತಿಸಿ ಹೊರಟೆವು.

ದೋನ್ ಅಬೆಲಾರ್ದೊ ದಡ್ಡನಲ್ಲ. ನಮ್ಮ ಗುಂಪು ಪುಹಿಲಿಯ ಅವನ ಬೀದಿಯ ತುದಿಯಲ್ಲಿ ಕಂಡದ್ದೇ ಮನೆ ಬಾಗಿಲಿಗೆ ಅಡ್ಡ ನಿಂತ, ಎರಡೂ ಕೈ ಕಟ್ಟಿಕೊಂಡು. ಡೆಲ್ಫಿನಾ ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟಳು.

"ತಗೊಂಡ್ ಹೋಗಮ್ಮ. ನಾನ್ ಮುಟ್ಟಲ್ಲ," ಎಂದ. "ನಿಮ್ ಆಟ ನಂಗ್ ಗೊತ್ತಿಲ್ವಾ? ಬಟ್ಟೆ ಸರಿಸ್ದೆ ವಾಪಸ್ ಕೊಟ್ರೆ ಕೋಪ ಇಲ್ಲ ಅಂತ ನಿಮ್ ಪದ್ಧತೀಲೇ ಇದೆ."

ಇದೆ. ಅವನು ಹೇಳಿದ್ದು ನಿಜ. ನಮ್ಮಲ್ಲಿ ಒಬ್ಬರೂ ಇದನ್ನು ಯೋಚಿಸಿರಲಿಲ್ಲ. ಡೆಲ್ಫಿನಾ ಬುಟ್ಟಿ ಎತ್ತಿಕೊಳ್ಳಲು ಬಾಗಿದಳು. ಪದ್ಧತಿ ಎಂದರೆ ಪದ್ಧತಿ.

ಅಷ್ಟರಲ್ಲಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಅವನ ಹೆಂಡತಿ ಬಂದಳು. ಫಿಲೊಮೇನಾ ಗುಡ್ಡದ ಆಚೆ ಬದಿಯವಳು, ನಮ್ಮವಳೇ. ಮದುವೆಯಾದ ಮೇಲೆ ಗಂಡನ ಮನೆಯವರು ನಮ್ಮ ಗುಡ್ಡದ ಹೆಂಗಸರ ಶಾಲು ಟೋಪಿ ಬಿಡಿಸಿ ಪೇಟೆಯ ಉಡುಪು ತೊಡಿಸಿದ್ದರು. ಸಂತೆಯಲ್ಲಿ ಎದುರಾದರೆ ಅವಳು ನೆಲ ನೋಡುತ್ತಿದ್ದಳು, ನಾವೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಅವಳು ಬುಟ್ಟಿ ನೋಡಿದಳು. ಬಟ್ಟೆಯ ಅಡಿಯಿಂದ ಬಿಸಿ ಆಲೂಗಡ್ಡೆಯ ವಾಸನೆ ಏಳುತ್ತಿತ್ತು.

"ನೀನ್ ಒಳಗ್ ಹೋಗು," ಎಂದ ಅವನು.

"ಕಪ್ಪು ಆಲೂಗಡ್ಡೆನಾ?" ಎಂದು ಅವಳು ಡೆಲ್ಫಿನಾಳನ್ನು ನಮ್ಮ ಭಾಷೆಯಲ್ಲೇ ಕೇಳಿದಳು.

"ಹೂಂ ಅಕ್ಕ. ನಿನ್ನೆ ಅಗೆದಿದ್ದು."

"ಒಳಗ್ ಹೋಗು ಅಂದೆ!"

ಫಿಲೊಮೇನಾ ಅವನ ಪಕ್ಕದಿಂದ ನುಸುಳಿ ಹೊಸ್ತಿಲ ಮೇಲೆ ಕೂತಳು. ಬಟ್ಟೆ ಸರಿಸಿದಳು. ಅವಸರವಿಲ್ಲದೆ ಒಂದು ಆಲೂಗಡ್ಡೆ ತೆಗೆದು, ಚೀಸ್ ಮುರಿದು ಜೊತೆಗಿಟ್ಟು, ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ಇನ್ನೊಂದನ್ನು ತೆಗೆದು, ಕೋಲಿಗೆ ಒರಗಿ ನಿಂತಿದ್ದ ಇಗ್ನಾಸಿಯಾ ಅತ್ತೆಯ ಕೈಗಿಟ್ಟಳು.

"ತಿನ್ನಿ ಅಜ್ಜಿ. ಒಬ್ಳೇ ತಿನ್ನೋಕೆ ಬೇಜಾರು."

ವಾರದಿಂದ ಬಾಯಿ ಕಟ್ಟಿಕೊಂಡಿದ್ದ ಮುದುಕಿ ಡೆಲ್ಫಿನಾಳ ಮುಖ ನೋಡಿ, ಆಮೇಲೆ ತಿಂದಳು. ಡೆಲ್ಫಿನಾ ಅತ್ತದ್ದು ಆಗ. ಬೀಗಕ್ಕಾಗಿ ಅಲ್ಲ ಎಂದು ನನಗೆ ಗೊತ್ತು.

ಫಿಲೊಮೇನಾ ಬಾಯಿ ಒರೆಸಿಕೊಂಡಳು. "ಏನ್ ಬೇಕು, ಕೇಳು ತಂಗಿ."

"ಕೊಟ್ಟ ಮಾತು ವಾಪಸ್ ಬೇಕು. ಅಷ್ಟೇ."

"ಕೊಟ್ಟಿದ್ದೀವಿ."

"ಕೊಡೋಕೆ ನೀನ್ ಯಾರೇ?" ಎಂದು ದೋನ್ ಅಬೆಲಾರ್ದೊ ಕೂಗಿದ. ಅಕ್ಕಪಕ್ಕದ ಬಾಗಿಲುಗಳು ತೆರೆದವು.

ಅವಳು ಕೂತಲ್ಲಿಂದಲೇ ತಲೆಯೆತ್ತಿ ಅವನನ್ನು ನೋಡಿದಳು. "ಈ ಅಜ್ಜಿ ತಿಂದಿದ್ದು ಆ ಮನೆ ತಿಂದಂಗೆ ಅಂತ ನೀವೇ ಅಂದ್ರಿ. ಹಂಗಾದ್ರೆ ನಾನ್ ತಿಂದಿದ್ದು ಈ ಮನೆ ತಿಂದಂಗಲ್ವಾ? ಅಲ್ಲ ಅನ್ನಿ. ಎಲ್ಲಾರ್ ಮುಂದೆ ಅನ್ನಿ, ಕೇಳ್ತೀನಿ."

ಅವನು ಅನ್ನಲಿಲ್ಲ. ತೆರೆದ ಬಾಗಿಲುಗಳನ್ನೊಮ್ಮೆ ನೋಡಿ ತಾನೇ ಒಳಗೆ ಹೋದ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ನಕ್ಕದ್ದಕ್ಕೆ ಡ್ರೈವರ್ ಎರಡು ಸಲ ಗದರಿದ. ಇಗ್ನಾಸಿಯಾ ಅತ್ತೆ ಸೊಸೆಯ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಳು. ಮನೆ ಮುಟ್ಟಿದ ಮೇಲೆ ಡೆಲ್ಫಿನಾ ಒಲೆಕಟ್ಟೆಯಿಂದ ಕೆಂಪು ದಾರ ಎತ್ತಿಕೊಂಡಳು. ಹಾಕಿಕೊಳ್ಳಲಿಲ್ಲ, ಅತ್ತೆಯ ಮುಂದೆ ತಲೆ ಬಗ್ಗಿಸಿ ಕೂತಳು. ಮುದುಕಿಯೇ ತಡವರಿಸುತ್ತ ಅದನ್ನು ಅವಳ ಕೊರಳಿಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ಚೀಸ್ ಮನೆಯ ಬಾಗಿಲು ತೆರೆದು ಒಲೆ ಹಚ್ಚುತ್ತಿದ್ದಾಗ ಲಾರಿಯ ಸದ್ದು ಕೇಳಿತು. ತಿರುವಿನಲ್ಲಿ ನಿಲ್ಲದೆ ನೇರ ನಮ್ಮ ಬಾಗಿಲಿಗೇ ಬಂತು. ದೋನ್ ಅಬೆಲಾರ್ದೊ ಇಳಿದು, ಯಾರ ಮುಖವನ್ನೂ ನೋಡದೆ, ಕೆಂಪು ಚಿಂದಿ ಕಟ್ಟಿದ ಒಂದು ಸಣ್ಣ ಕ್ಯಾನನ್ನು ಕೆಳಗಿಟ್ಟ.

"ಇದು ಅವಳ ಹಸೂದು," ಎಂದ. "ಅವಳ ತವರಿಂದ ಬಂದಿದ್ದು. ಇಲ್ಲೇ ಕೊಡ್ಬೇಕಂತೆ. ದಿನಾ."

ಡೆಲ್ಫಿನಾ ಮುಚ್ಚಳ ತೆಗೆದಳು. ಬಾಗಿ, ಕ್ಯಾನಿನೊಳಗೆ ಬೆಳಕು ಬೀಳುವಂತೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು. ನಾವೆಲ್ಲ ಉಸಿರು ಬಿಗಿ ಹಿಡಿದಿದ್ದೆವು. ಅವನೂ ಹಿಡಿದಿದ್ದ ಎಂದೇ ನನಗೆ ಈಗಲೂ ಅನಿಸುತ್ತದೆ.

"ಚಿಂತೆ ಬೇಡ ದೋನ್ ಅಬೆಲಾರ್ದೊ," ಎಂದಳು. "ನೀರಿಲ್ಲ."